ಹದಿನೇಳನೆಯ ಗೂಡಿನ ತಾತ

ಒಂಬತ್ತನೆಯ ಕಂತು

ಹೊರಗಿನಿಂದ ಕೀಲಿ ಎರಡು ಸುತ್ತು ತಿರುಗಿದ ಸದ್ದು ಫೋನಕ್ಕನಿಗೆ ಸ್ಪಷ್ಟವಾಗಿ ಕೇಳಿಸಿತು. ಕೈಯಲ್ಲಿದ್ದ ಫೋನನ್ನು ಗೂಡಿನಲ್ಲಿಟ್ಟು, ನಾಲ್ಕೇ ಹೆಜ್ಜೆಗೆ ಬಾಗಿಲ ಬಳಿ ಬಂದು ಹಿಡಿಯನ್ನು ಕೆಳಗೊತ್ತಿದಳು. ಹಿಡಿ ಕದಲಲಿಲ್ಲ.

“ಭಾವ, ಬಾಗಿಲು ಹಾಕ್ಬಿಟ್ಟಿದಾರೆ.”

ಅವಳ ಅಕ್ಕನ ಗಂಡ ಸ್ಟೂಲಿನ ಮೇಲೆ ಕುಳಿತಿದ್ದರು. ಊರೆಲ್ಲ ಅವರನ್ನು ಪತ್ತೇದಾರರೆಂದು ಕರೆದರೆ, ಮನೆಯಲ್ಲಿ ಅವರು ಬರಿಯ ಭಾವ. ಚರ್ಮದ ಚೀಲವನ್ನು ಮಡಿಲಲ್ಲಿಟ್ಟುಕೊಂಡೇ ಎಲ್ಲಿಗೂ ಹೋಗುವುದು, ಮಡಿಲಲ್ಲಿಟ್ಟುಕೊಂಡೇ ಕುಳಿತುಕೊಳ್ಳುವುದು ಅವರ ಹಳೆಯ ಅಭ್ಯಾಸ. ಅವರು ತಲೆ ಎತ್ತಲಿಲ್ಲ.

“ಗಾಳಿಗಿರಬೇಕು.”

“ಗಾಳಿ ಎರಡು ಸುತ್ತು ಕೀಲಿ ತಿರುಗಿಸಲ್ಲ.”

“ಹಾಗಾದ್ರೆ ಕೀಲಿಮಾವನ ಮರೆವು. ನಿಮ್ಮ ಸ್ಟೋರಿನವರು ಕನ್ನಡಕ ಹಣೆ ಮೇಲಿಟ್ಕೊಂಡು ಅದನ್ನೇ ಹುಡುಕೋ ಜನ. ಕೂತ್ಕೋ, ಕೆಲಸ ನೋಡು.”

ಕುಳಿತುಕೊಳ್ಳುವುದಕ್ಕೆ ಅಲ್ಲಿ ಎರಡನೆಯ ಸ್ಟೂಲಿರಲಿಲ್ಲ. ಅದು ಹತ್ತು ಹೆಜ್ಜೆ ಉದ್ದ, ಆರು ಹೆಜ್ಜೆ ಅಗಲದ ಕೋಣೆ. ಹೊರಗಿನ ಸಿಗ್ನಲ್ ಒಳಗೆ ನುಸುಳದಂತೆ ಗೋಡೆ, ಚಾವಣಿ, ನೆಲ ಮೂರಕ್ಕೂ ತಾಮ್ರದ ಬಲೆ ಹೊದಿಸಲಾಗಿತ್ತು. ಕಿಟಕಿ ಇರಲಿಲ್ಲ. ಒಂದು ಗೋಡೆಯ ತುಂಬ ನಲವತ್ತು ಗೂಡುಗಳ ಕಪಾಟು, ಗೂಡಿಗೊಂದು ಫೋನು, ಫೋನಿಗೊಂದು ಚಾರ್ಜರು. ಆ ನಲವತ್ತು ಫೋನುಗಳಲ್ಲಿ ಒಂದರಿಂದಲೂ ಹೊರಗಿರುವ ಮನುಷ್ಯನನ್ನು ಕರೆಯಲು ಬರುತ್ತಿರಲಿಲ್ಲ. ಬಾಗಿಲ ಪಕ್ಕದ ಗೋಡೆಗೆ ತಗುಲಿಸಿದ್ದ ತಂತಿಯ ಹಳೆಯ ಫೋನೊಂದೇ ಜೀವಂತ. ಅದೂ ಹೊರಗೆ ಸ್ಟೋರಿನಲ್ಲಿ ಕೀಲಿ ಕಾಯುವ ಕೀಲಿಮಾವನ ಮೇಜಿನ ತನಕ ಮಾತ್ರ.

ಅವಳ ಕೈಗಡಿಯಾರದಲ್ಲಿ ಮೂರೂ ಇಪ್ಪತ್ತೈದು ಆಗಿತ್ತು.

ನಾಲ್ಕಕ್ಕೆ ಮೇಲಿನ ಮಹಡಿಯಲ್ಲಿ ವಿಚಾರಣಾ ಸಮಿತಿ ಸೇರುವುದಿತ್ತು. ಗುಳಿಗೆಯ ಹೊತ್ತನ್ನು ನೆನಪಿಸುವ ಅವರ ಕಂಪನಿಯ ಆ್ಯಪ್ ಒಬ್ಬ ದರ್ಜಿಯ ಫೋನಿನಲ್ಲಿ ಮೂರು ದಿನ ಕೂಗಲೇ ಇಲ್ಲ. ಗುಳಿಗೆ ತಪ್ಪಿದ ದರ್ಜಿ ಹೊಲಿಗೆ ಯಂತ್ರದ ಮುಂದೆಯೇ ಕುಸಿದುಬಿದ್ದವನು, ಹನ್ನೊಂದು ದಿನವಾದರೂ ಆಸ್ಪತ್ರೆಯಲ್ಲಿ ಕಣ್ಣು ತೆರೆದಿಲ್ಲ. ಅವನೊಡನೆ ನೆಲಕ್ಕೆ ಬಿದ್ದ ಫೋನು ಚೂರಾಗಿ, ಅದರಿಂದ ತಿಳಿಯಬೇಕಾದದ್ದು ಯಾವುದೂ ತಿಳಿಯದೆ ಹೋಗಿದೆ. ಅದೇ ಮಾದರಿಯ ಫೋನಿನಲ್ಲಿ ಆ್ಯಪನ್ನು ಪರೀಕ್ಷಿಸಿ “ಸರಿಯಿದೆ” ಎಂದು ಸಹಿ ಹಾಕಿದವಳು ಫೋನಕ್ಕ. ತಾನು ಪರೀಕ್ಷಿಸಿದ್ದು ತನ್ನ ಫೋನನ್ನಲ್ಲ, ಯಾರೋ ಅದನ್ನು ಬದಲಾಯಿಸಿದ್ದಾರೆ ಎಂದು ನಾಲ್ಕರೊಳಗೆ ಅವಳು ತೋರಿಸಿಕೊಡದಿದ್ದರೆ, ಆ ಸಹಿಯ ಹಾಳೆ ನೇರವಾಗಿ ಪೊಲೀಸರ ಕೈ ಸೇರುತ್ತಿತ್ತು. ಅದನ್ನು ಪತ್ತೆ ಮಾಡಿಕೊಡಲೆಂದೇ ಭಾವ ಬಂದಿದ್ದರು.

ಫೋನು ಆರಿಸುವುದೇ ಅವಳ ಕಸುಬು. ಲೋಕದಲ್ಲಿರುವ ಫೋನುಗಳನ್ನೆಲ್ಲ ತಂದು ಪರೀಕ್ಷಿಸುವುದು ಯಾರಿಂದಲೂ ಆಗದ ಮಾತು; ಲೋಕವನ್ನೇ ನಲವತ್ತರಲ್ಲಿ ಹಿಡಿಸಬೇಕು. ಮೂರು ತಿಂಗಳಿಗೊಮ್ಮೆ ಅವಳು ಬಸ್ ನಿಲ್ದಾಣದ ಬೆಂಚಿನ ಮೇಲೂ ರಿಪೇರಿ ಅಂಗಡಿಗಳ ಮುಂದೆಯೂ ಅರ್ಧ ದಿನ ಕುಳಿತು, ಯಾರ ಕೈಯಲ್ಲಿ ಯಾವ ಫೋನಿದೆ ಎಂದು ಗೀಟು ಹಾಕಿಕೊಂಡು ಬರುತ್ತಿದ್ದಳು. ಆರಿಸಿದ ಪ್ರತಿಯೊಂದಕ್ಕೂ ಒಂದು ಹೆಸರಿಟ್ಟು, ಹೆಸರನ್ನೂ ಗೂಡಿನ ಸಂಖ್ಯೆಯನ್ನೂ ಕಾಗದದ ಟೇಪಿನ ಮೇಲೆ ಬರೆದು ಫೋನಿನ ಬೆನ್ನಿಗೆ ಅಂಟಿಸುತ್ತಿದ್ದಳು. ಗಾಜು ಸೀಳಿದ್ದು ಕಂಡಕ್ಟರು. ಅಕ್ಷರ ದಪ್ಪ ಮಾಡಿಟ್ಟದ್ದು ಅತ್ತೆ. ಪುಟ್ಟ ಪರದೆಯದು ಸೊಸೆ. ಅತ್ತೆಯಲ್ಲಿ ನೆಟ್ಟಗೆ ಕಂಡ ಗುಂಡಿ ಸೊಸೆಯಲ್ಲಿ ಅಂಚಿನಾಚೆ ಸರಿದುಹೋಗುತ್ತದೆಯೆಂದು ಅವೆರಡನ್ನೂ ಯಾವಾಗಲೂ ಜೊತೆಯಲ್ಲೇ ಪರೀಕ್ಷಿಸುತ್ತಿದ್ದಳು. ಆಯಾ ವರ್ಷದ ಹೊಚ್ಚ ಹೊಸ ಫೋನು ಮದುಮಗ.

ಹದಿನೇಳನೆಯ ಗೂಡಿನದು ತಾತ. ವಯಸ್ಸು ಏಳು ವರ್ಷ. ಆ್ಯಪುಗಳು ಓಡಲು ಬೇಕಾದ ಒಳಗಿನ ಜಾಗ ಕಡಿಮೆ. ಆ ಜಾಗವನ್ನೂ ಬ್ಯಾಟರಿಯನ್ನೂ ಉಳಿಸುವ ಆತುರದಲ್ಲಿ, ಕಣ್ಣ ಮುಂದಿಲ್ಲದ ಆ್ಯಪನ್ನು ಕೇಳದೆಯೇ ಮಲಗಿಸಿಬಿಡುವ ಚಾಳಿ.

ವಿಭಾಗದ ಮುಖ್ಯಸ್ಥನಿಗೆ ಆ ಫೋನು ಕಂಡರೆ ಆಗುತ್ತಿರಲಿಲ್ಲ. ಮಾತೆತ್ತಿದರೆ ಪಾಠ ಶುರು ಮಾಡುತ್ತಿದ್ದುದರಿಂದ ಅವನಿಗೆ ಮೇಷ್ಟ್ರು ಎಂಬ ಹೆಸರು ಬಿದ್ದಿತ್ತು. ಇದು ಪರೀಕ್ಷೆಯ ಕೋಣೆಯೋ ಗುಜರಿ ಅಂಗಡಿಯೋ ಎಂದು ಅವನು ಸಭೆಯಲ್ಲೇ ಕೇಳಿದ್ದ. ಅದಕ್ಕೆ ಫೋನಕ್ಕ ಕೊಟ್ಟ ಉತ್ತರವನ್ನು ಆಫೀಸಿನವರು ಇನ್ನೂ ಆಡಿಕೊಳ್ಳುತ್ತಿದ್ದರು: “ನೂರರಲ್ಲಿ ಆರೇ ಜನ ಈ ಫೋನ್ ಇಟ್ಕೊಂಡಿರೋದು ಸರ್, ನಿಜ. ಆದ್ರೆ ದಿನಕ್ಕೆ ಐದು ಗುಳಿಗೆ ನುಂಗೋರು ಆ ಆರು ಜನಾನೇ.”

ತಾತ ಉಳಿದುಕೊಂಡ. ಈಗ ಹದಿನೇಳನೆಯ ಗೂಡಿನಲ್ಲಿ ಅದೇ ಮಾದರಿಯ, ಅದೇ ಬಣ್ಣದ, ಅವಳದೇ ಅಕ್ಷರದ ಟೇಪು ಅಂಟಿದ ಫೋನು ಕುಳಿತಿತ್ತು. ಎಲ್ಲ ಪರೀಕ್ಷೆಗಳಲ್ಲೂ ಪಾಸಾಗುತ್ತಿತ್ತು.

“ಮುಂದಿನದು ಓದು,” ಎಂದರು ಭಾವ. ಚೀಲದ ಹೊರಜೇಬಿನಿಂದ ತೆಗೆದ ಪುಟ್ಟ ಪುಸ್ತಕದಲ್ಲಿ ಅವರು ಫೋನುಗಳ ಕ್ರಮಸಂಖ್ಯೆಗಳನ್ನು ಬರೆದುಕೊಳ್ಳುತ್ತಿದ್ದರು.

ಅವಳು ಹದಿನಾರನೆಯ ಫೋನಿನ ಸಂಖ್ಯೆಯನ್ನು ಓದಿ, ಅಭ್ಯಾಸಬಲದಿಂದ ಅದು ತೋರಿಸುತ್ತಿದ್ದ ಸಮಯವನ್ನೂ ಓದಿದಳು. ಮೂರೂ ಇಪ್ಪತ್ತೇಳು.

“ಟೈಮ್ ಬಿಡು. ನಂಬರ್ ಸಾಕು.”

ಆದರೆ ಅವಳ ಕಣ್ಣು ಆಗಲೇ ಕೈಗಡಿಯಾರಕ್ಕೆ ಹೋಗಿತ್ತು. ಅದರಲ್ಲಿ ಮೂರೂವರೆ. ಹದಿನಾರನೆಯದು ಮೂರು ನಿಮಿಷ ಹಿಂದೆ. ಅದರಲ್ಲಿ ಆಶ್ಚರ್ಯವಿರಲಿಲ್ಲ. ಗಡಿಯಾರ ತಾನಾಗಿ ಸರಿಹೋಗುವ ವ್ಯವಸ್ಥೆಯನ್ನು ಅವಳು ಎಲ್ಲ ಫೋನುಗಳಲ್ಲೂ ಮುಚ್ಚಿಟ್ಟಿದ್ದಳು. ಹೊತ್ತು ತಪ್ಪಿದ ಫೋನಿನಲ್ಲಿ ಮಾತ್ರ ಕಾಣುವ ದೋಷಗಳೂ ಇವೆಯಲ್ಲ. ತಾಮ್ರದ ಬಲೆಯೊಳಗೆ ತಿಂಗಳುಗಟ್ಟಲೆ ಕುಳಿತ ಫೋನುಗಳು ದಿನಕ್ಕಿಷ್ಟು ಸೆಕೆಂಡಿನಂತೆ ಹಿಂದೆ ಬೀಳುತ್ತಿದ್ದವು. ಹಿಂದೆ ಬೀಳದೆ ಮುಂದಕ್ಕೋಡುತ್ತಿದ್ದುದು ಒಂದೇ ಒಂದು. ತಾತ ನಾಲ್ಕು ನಿಮಿಷ ಮುಂದಿದ್ದ.

ಅವಳು ಹದಿನೇಳನೆಯ ಫೋನನ್ನು ಎತ್ತಿಕೊಂಡಳು. ಮೂರೂವರೆ. ಕೈಗಡಿಯಾರದಲ್ಲಿಯೂ ಮೂರೂವರೆ. ನಿಮಿಷದ ಅಂಕಿ ಎರಡರಲ್ಲೂ ಒಟ್ಟಿಗೇ ಬದಲಾಯಿತು.

“ಭಾವ. ಇದು ಈಚೆಗೆ ಹೊರಗಿನ ಗಾಳಿ ಕುಡಿದು ಬಂದಿರೋ ಫೋನು.”

ಕಾರಣವನ್ನು ಅವಳು ಬಿಡಿಸಿ ಹೇಳುತ್ತಿದ್ದಂತೆ ಭಾವನ ಪೆನ್ನು ಕಾಗದದ ಮೇಲೆ ನಿಂತಿತು. ಅವರು ಒಣ ನಗೆ ನಕ್ಕರು.

“ಮೂವತ್ತೊಂಬತ್ತು ಜನ ತಪ್ಪು ಟೈಮ್ ಹೇಳ್ತಿದಾರೆ, ಒಬ್ಬ ಮಾತ್ರ ಸರಿ ಹೇಳ್ತಿದಾನೆ. ನನ್ನ ಕಸುಬಲ್ಲಿ ಸರಿಯಾಗಿ ಹೇಳೋನ ಮೇಲೇ ಮೊದಲು ಅನುಮಾನ.”

ಅವಳು ಸೆಟ್ಟಿಂಗ್ ತೆರೆದು ಒಳಗಿನ ಜಾಗವನ್ನು ನೋಡಿದಳು. ತಾತನಲ್ಲಿದ್ದುದು ಎರಡು ಜಿಬಿ. ಇದರಲ್ಲಿದ್ದುದು ಮೂರು. ಅದೇ ಮಾದರಿ, ಅದೇ ಬೆನ್ನು, ಆದರೆ ಒಂದಿಷ್ಟು ಅನುಕೂಲಸ್ಥನ ಮನೆಯ ತಾತ. ಜಾಗ ಸಾಲದೆ ಆ್ಯಪನ್ನು ಮಲಗಿಸುವ ಗತಿ ಇವನಿಗೆ ಬರುವುದಿಲ್ಲ.

ಆಗ ಫೋನಕ್ಕನಿಗೆ ಇಡೀ ತಪ್ಪು ಕಣ್ಣಿಗೆ ಕಟ್ಟಿತು. ಆ ತಪ್ಪಿನಲ್ಲಿ ತನ್ನ ಪಾಲೂ ಕಂಡಿತು.

ಅವಳದೊಂದು ಪದ್ಧತಿಯಿತ್ತು. ಪ್ರತಿಯೊಂದು ಫೋನಿನಲ್ಲೂ ಸಂಜೆ ನಾಲ್ಕಕ್ಕೆ ಎರಡು ಗಂಟೆಗಳನ್ನು ಇಡುತ್ತಿದ್ದಳು: ಒಂದು ಆ್ಯಪಿನ ಗಂಟೆ, ಇನ್ನೊಂದು ಆ ಫೋನಿನದೇ ಅಲಾರಂ. ಎರಡನೆಯದನ್ನು ಸಾಕ್ಷಿಗಂಟೆ ಎನ್ನುತ್ತಿದ್ದಳು. ಫೋನು ಎಂಥದಾದರೂ ಅದರ ಸ್ವಂತ ಅಲಾರಂ ಕೂಗಿಯೇ ತೀರುತ್ತದೆ. ಸಾಕ್ಷಿ ಕೂಗಿದಾಗ ಆ್ಯಪೂ ಜೊತೆಗೂಡಬೇಕು. ಸಾಕ್ಷಿ ಕೂಗಿ ಆ್ಯಪ್ ಸುಮ್ಮನಿದ್ದರೆ ಆ್ಯಪಿನಲ್ಲಿ ದೋಷವಿದೆ ಎಂದೇ ಅರ್ಥ. ಗಡಿಯಾರಗಳೆಲ್ಲ ಒಂದೊಂದು ದಾರಿ ಹಿಡಿದದ್ದರಿಂದ ಆ ಗಂಟೆಗಳು ದಿನವೂ ಹಿಂದು ಮುಂದಾಗಿ ಏಳೆಂಟು ನಿಮಿಷ ಬಡಿದುಕೊಳ್ಳುತ್ತಿದ್ದವು. ಫೋನಕ್ಕನ ಸಂತೆ ಸೇರಿತು ಎಂದು ಹೊರಗಿನವರು ನಗುತ್ತಿದ್ದರು. ಸಂತೆಗೆ ಎಲ್ಲರಿಗಿಂತ ಮೊದಲು ಬರುವವನು ತಾತ. ನಾಲ್ಕಕ್ಕೆ ಇನ್ನೂ ನಾಲ್ಕು ನಿಮಿಷವಿರುವಾಗಲೇ ಕೂಗುತ್ತಿದ್ದ.

ಆ್ಯಪ್ ಬಿಡುಗಡೆಯಾದ ದಿನ, ಮೂರು ವಾರದ ಕೆಳಗೆ, ತಾತ ಮೊದಲು ಕೂಗಿರಲಿಲ್ಲ. ಎಲ್ಲರೂ ಆತುರಪಡಿಸುತ್ತಿದ್ದ ಆ ಹೊತ್ತಿನಲ್ಲಿ, ತಾನೇ ಬರುವುದು ತಡವಾಗಿ ಕೇಳಿಸಲಿಲ್ಲವೆಂದುಕೊಂಡು, ಬೆನ್ನಿನ ಟೇಪನ್ನಷ್ಟೇ ನೋಡಿ, ಎರಡೂ ಗಂಟೆ ಬಡಿದವೆಂದು ಸಹಿ ಹಾಕಿದ್ದಳು. ಬಿಡುಗಡೆಯಾದ ಮೇಲೆ ನಾಲ್ಕರ ಸಂತೆ ಕೇಳಲು ಅವಳು ಕೋಣೆಗೆ ಬಂದೇ ಇರಲಿಲ್ಲ. ಲೋಕಕ್ಕೆಲ್ಲ ಹೊತ್ತು ನೋಡುವುದನ್ನು ಕಲಿಸಿದವಳು ಆ ಒಂದು ದಿನ ಹೊತ್ತು ನೋಡಿರಲಿಲ್ಲ.

“ಬದಲಾಗಿದ್ದು ಬಿಡುಗಡೆಯ ದಿನಾನೋ ಅದರ ಹಿಂದಿನ ದಿನಾನೋ,” ಎಂದಳು. “ಇದೊಂದು ಸಿಕ್ಕಿದ್ದು ಸಾಲದು. ತಾತನೇ ಬೇಕು. ಸಾಕ್ಷಿ ಕೂಗಿದ್ರೂ ಆ್ಯಪ್ ಸುಮ್ಮನಿರೋದನ್ನ ಅವನ ಕೈಲೇ ತೋರಿಸಿದ್ರೆ ಸಮಿತಿಯವರು ನಂಬೋದು.”

“ಹೊಳೆಗೆ ಎಸೆದಿರ್ತಾರೆ ಬಿಡು.”

ಎಷ್ಟು ಸಲೀಸಾಗಿ ಹೇಳಿದರೆಂದು ಅವಳಿಗೆ ಅನಿಸಿತು. ಆದರೆ ಸಲೀಸಾಗಿ ಮಾತಾಡುವುದೇ ಭಾವನ ಸ್ವಭಾವ. ಅವಳು ತಂತಿಯ ಫೋನನ್ನು ಎತ್ತಿದಳು.

ಆ ಕಡೆ ಎತ್ತಿದವನು ಕೀಲಿಮಾವನಲ್ಲ, ಮೇಷ್ಟ್ರು.

“ಹೇಳಿ, ಫೋನಕ್ಕ.”

“ಬಾಗಿಲು ತೆಗೆಸಿ ಸರ್. ನಾಲ್ಕಕ್ಕೆ ನಾನು ಮೇಲಿರಬೇಕು.”

“ನಾಲ್ಕಕ್ಕೆ ತೆಗೆಸ್ತೀನಿ, ಅಲ್ಲೀತನಕ ಒಳಗಿರೋರು ಯಾರೂ ಹೊರಗೆ ಬರೋದು ಬೇಡ. ಸಮಿತಿಯವರನ್ನೇ ಇಲ್ಲಿಗೆ ಕರ್ಕೊಂಡು ಬರ್ತಾ ಇದೀನಿ.”

ಅವಳಿಗೆ ತಡೆಯಲಾಗಲಿಲ್ಲ. ಆ್ಯಪ್ ಹೊತ್ತಿಗೆ ಸರಿಯಾಗಿ ಹೊರಬೀಳಲೆಂದು ನೀವೇ ತಾತನನ್ನು ಎತ್ತಿಸಿದಿರಿ, ಈಗ ನನ್ನನ್ನು ಕೂಡಿಹಾಕಿ ಓಡಿಹೋದಳೆಂದು ಬರೆಸುವಿರಿ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಳು. ಮೇಷ್ಟ್ರು ಮಧ್ಯೆ ಬಾಯಿ ಹಾಕಲಿಲ್ಲ.

“ಮುಗೀತಾ? ಆ ಫೋನ್ ಕಂಡ್ರೆ ನನಗೆ ಆಗ್ತಿರ್ಲಿಲ್ಲ, ನಿಜ. ಆದ್ರೆ ನಿಮ್ಮ ಪಟ್ಟಿಗೆ ಕೊನೇ ಸಹಿ ನನ್ನದು. ಒಂದು ಗೀಟು ಎಳೆದಿದ್ರೆ ತಾತ ಹೋಗ್ತಿದ್ದ. ನಾನ್ಯಾಕೆ ಕದೀಲಿ?”

ಆ ಕಡೆ ಹಾಳೆ ಮಗುಚಿದ ಸದ್ದಾಯಿತು.

“ನನ್ನ ಕೈಯಲ್ಲಿ ಸ್ಟೋರಿನ ಭೇಟಿ ಪುಸ್ತಕ ಇದೆ. ಬಿಡುಗಡೆ ಹಿಂದಿನ ದಿನ ಆ ಕೋಣೆಗೆ ಹೊರಗಿನವರು ಇಬ್ಬರು ಬಂದಿದಾರೆ. ನೀವೇ ಸಹಿ ಹಾಕಿ ಒಳಗೆ ಬಿಟ್ಟಿದೀರಿ. ಯಾರು ಅಂತ ಓದ್ಲಾ?”

ಓದುವ ಅಗತ್ಯವಿರಲಿಲ್ಲ. ಆ ದಿನ ಅವಳು ಕನ್ನಡಕವನ್ನು ಅಕ್ಕನ ಮನೆಯಲ್ಲಿ ಮರೆತು ಬಂದಿದ್ದಳು. ಅದನ್ನು ಕೊಡಲು ಅಕ್ಕ ಬಂದಿದ್ದಳು, ಜೊತೆಗೆ ಭಾವ. ನಾದಿನಿಯ ಸಂಸಾರ ಹೇಗಿದೆ ನೋಡೋಣವೆಂದು ನಗೆಯಾಡುತ್ತ ಇಬ್ಬರೂ ಕಪಾಟಿನ ಮುಂದೆ ನಿಂತಿದ್ದರು. ಅವರಿಗೆ ಕುಡಿಯುವ ನೀರು ತರಲು ಅವಳು ಐದು ನಿಮಿಷ ಹೊರಗೆ ಹೋಗಿದ್ದಳು.

ಮೇಷ್ಟ್ರು ದನಿ ತಗ್ಗಿಸಿದ. “ಅವರು ಪಕ್ಕದಲ್ಲೇ ಇದಾರಾ? ಹೌದು ಇಲ್ಲ ಅಷ್ಟೇ ಹೇಳಿ.”

“ಹೂಂ.”

“ಬಾಗಿಲಿಗೆ ಕೀಲಿ ಹಾಕಿ, ನಾಲ್ಕರ ತನಕ ಯಾರು ಬಡಿದ್ರೂ ತೆಗೀಬೇಡ ಅಂತ ಕೀಲಿಮಾವನಿಗೆ ಹೇಳಿದ್ದು ನಾನಲ್ಲ. ನಿಮ್ಮ ಭಾವ.”

ಅವಳು ಫೋನನ್ನು ಮೆಲ್ಲಗೆ ಗೋಡೆಗೆ ತಗುಲಿಸಿದಳು. ಕೋಣೆ ಅದೇ, ದೀಪ ಅದೇ, ಚಾರ್ಜರುಗಳ ಬಿಸಿಯೂ ಅದೇ. ಆದರೆ ಹತ್ತು ಹೆಜ್ಜೆಯ ಉದ್ದ ಈಗ ಐದಕ್ಕಿಳಿದಂತಿತ್ತು.

“ಏನಂತೆ?” ಎಂದರು ಭಾವ.

“ಕೀಲಿಮಾವ ಟೀಗೆ ಹೋಗಿದಾನಂತೆ.”

ಭಾವನಿಗೆ ಅವಳು ಸುಳ್ಳು ಹೇಳಿದ್ದು ಅದೇ ಮೊದಲು. ಅಪ್ಪ ಹೋದ ಮೇಲೆ ಅವಳ ಓದಿಗೆ ಬೆನ್ನೆಲುಬಾಗಿ ನಿಂತವರು ಅವರು; ಸೈಕಲ್ ಕಲಿಸಿದವರೂ ಅವರು. ಸುಳ್ಳನ್ನು ಮುಖದಲ್ಲೇ ಓದುತ್ತಾರೆಂದು ಅವರಿಗೆ ಹೆಸರಿತ್ತು. ಅವರು ಓದಿದರೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಗಡಿಯಾರ ಮೂರೂ ಐವತ್ತೊಂದು ತೋರಿಸುತ್ತಿತ್ತು.

ಅವಳು ಕಪಾಟಿಗೆ ಬೆನ್ನು ಕೊಟ್ಟು ನಿಂತಳು. ಕೇಳದೆ ಇರಲಾಗಲಿಲ್ಲ.

“ಭಾವ, ಒಳಗೆ ಬರೋವಾಗ ಕೀಲಿಮಾವನ ಹತ್ರ ಏನು ಹೇಳಿದ್ರಿ?”

“ಓ, ಗೊತ್ತಾಗೋಯ್ತಾ? ನಾನೇ ಹಾಕ್ಸಿದ್ದು. ನಾವು ಎಣಿಸೋವಾಗ ಯಾರೂ ನುಗ್ಗಿ ಒಂದನ್ನ ಎತ್ಕೊಂಡು ಹೋಗಬಾರದಲ್ಲ, ಅದಕ್ಕೆ.”

“ಮತ್ತೆ ಗಾಳಿಗಿರಬೇಕು ಅಂದ್ರಿ.”

“ನೀನು ಹೆದರ್ತೀಯ ಅಂತ. ಚಿಕ್ಕೋಳಿದ್ದಾಗ ಬಚ್ಚಲಿನ ಚಿಲಕ ಹಾಕ್ಕೊಳ್ಳೋಕೂ ಹೆದರ್ತಿದ್ದೋಳು.”

ಮಾತು ಸರಿಯಾಗಿಯೇ ಇತ್ತು. ಒಂದೊಂದಾಗಿ ನೋಡಿದರೆ ಅವರ ಮಾತುಗಳೆಲ್ಲವೂ ಸರಿಯಾಗಿಯೇ ಇದ್ದವು. ಭಾವ ಮಡಿಲಿನ ಚೀಲವನ್ನು ಎರಡೂ ಕೈಯಿಂದ ಸ್ವಲ್ಪ ಹತ್ತಿರಕ್ಕೆಳೆದುಕೊಂಡರು. ಅಥವಾ ಅವಳಿಗೆ ಹಾಗೆ ಕಂಡಿತು.

ಚಾರ್ಜರೊಂದು ಸಣ್ಣಗೆ ಗುಂಯ್ಗುಡುತ್ತಿತ್ತು. ಅವಳು ನಿಮಿಷಗಳನ್ನು ಎಣಿಸುತ್ತ ನಿಂತಳು. ಐವತ್ಮೂರು. ಐವತ್ನಾಲ್ಕು. ಐವತ್ತೈದು.

ಮೂರೂ ಐವತ್ತಾರಕ್ಕೆ ಗಂಟೆ ಬಡಿಯಿತು.

ಹಳೆಯ ಫೋನಿನ ಚಿಕ್ಕ ಸ್ಪೀಕರಿನಿಂದ ಬರುವ, ಮೂಗಿನಲ್ಲಿ ಹಾಡಿದಂಥ ಗಂಟೆ. ಅದನ್ನು ಅವಳು ನಲವತ್ತರ ನಡುವೆಯೂ ಗುರುತಿಸಬಲ್ಲವಳು. ಕೈ ತಾನಾಗಿ ಹಿಂದಕ್ಕೆ ಹೋಗಿ ಹದಿನೇಳನೆಯ ಗೂಡನ್ನು ಮುಟ್ಟಿತು. ಅಲ್ಲಿದ್ದ ಫೋನು ತಣ್ಣಗಿತ್ತು, ಸುಮ್ಮನಿತ್ತು.

ಗಂಟೆ ಬಡಿಯುತ್ತಿದ್ದುದು ಭಾವನ ಮಡಿಲಿನಲ್ಲಿ.

ಮೊದಲು ಎಚ್ಚೆತ್ತದ್ದು ಅವಳ ಕಸುಬು. ಸಂಬಂಧದ ನೆನಪು ಆಮೇಲೆ. ಅವಳು ಉಸಿರು ಹಿಡಿದು ಎರಡನೆಯ ಗಂಟೆಗಾಗಿ ಕಾದಳು. ಸಾಕ್ಷಿ ಒಂದು ನಿಮಿಷವಿಡೀ ಬಡಿದು ನಿಂತಿತು. ಆ್ಯಪ್ ಕೂಗಲಿಲ್ಲ. ದರ್ಜಿಯ ಅಂಗಡಿಯಲ್ಲಿ ಮೂರು ದಿನ ಆದದ್ದು ಇದೇ. ಅವಳಿಗೆ ಬೇಕಾಗಿದ್ದ ಪುರಾವೆ ಅವಳಿಂದ ಮೂರು ಹೆಜ್ಜೆ ದೂರದಲ್ಲಿತ್ತು.

ಆಮೇಲೆ ಉಳಿದದ್ದೆಲ್ಲ ಒಂದರ ಹಿಂದೊಂದು ಬಂದಿತು. ಮೂರು ವಾರ ಸಾಯದೆ ಉಳಿದ ಬ್ಯಾಟರಿ. ಅಂದರೆ ಯಾರೋ ಅದಕ್ಕೆ ಚಾರ್ಜ್ ಹಾಕುತ್ತಲೇ ಬಂದಿದ್ದಾರೆ. ಹೋದ ವಾರ ಅಕ್ಕ ಗೊಣಗಿದ ಮಾತು: ಪಕ್ಕದ ಮನೆಯವರು ಅದೆಂಥ ಅಲಾರಂ ಇಟ್ಟಿದ್ದಾರೋ, ದಿನಾ ಸಂಜೆ ನಾಲ್ಕಾಗುವಷ್ಟರಲ್ಲಿ ಬಡಿದು ನನ್ನ ನಿದ್ದೆ ಕೆಡಿಸುತ್ತದೆ. ಅಕ್ಕನ ಮನೆಯ ಪಕ್ಕದ ಮನೆಗೆ ಎರಡು ತಿಂಗಳಿಂದ ಬೀಗ ಬಿದ್ದಿತ್ತು. ಅದನ್ನು ಕೇಳಿದಾಗ ಫೋನಕ್ಕನಿಗೆ ಹೊಳೆದಿರಲಿಲ್ಲ.

ಭಾವನ ಮುಖದ ರಕ್ತವೆಲ್ಲ ಇಳಿದುಹೋಗಿತ್ತು. ಅದು ಸಿಕ್ಕಿಬಿದ್ದವನ ಮುಖವೋ ಏಟು ತಿಂದವನ ಮುಖವೋ ಅವಳಿಗೆ ಬಿಡಿಸಲಾಗಲಿಲ್ಲ.

“ಬೆಳಿಗ್ಗೆಯಿಂದ ಇದನ್ನ ನಾನು ತೆರೆದೇ ಇಲ್ಲ,” ಎಂದರು. “ಹೊರಜೇಬಿಂದ ಪುಸ್ತಕ ತೆಗೆದೆ, ಅಷ್ಟೇ. ನೀನೇ ನೋಡಿದೀಯ.”

“ಮತ್ತೆ ಇದು ಹೇಗೆ ಬಂತು ಭಾವ?”

ಅವರು ಚೀಲದ ಬಾಯಿಯನ್ನು ಹೆಬ್ಬೆರಳಿನಿಂದ ಸವರಿ ನೋಡಿದರು.

“ಚೀಲ ಕಟ್ಟಿಕೊಟ್ಟಿದ್ದು ನಿಮ್ಮಕ್ಕ.”

ಅವಳು ಮೂರು ಹೆಜ್ಜೆ ನಡೆದು ಚೀಲದ ಪಟ್ಟಿಯನ್ನು ಹಿಡಿದಳು. ಅವರು ಬಿಡಲಿಲ್ಲ. ಸೆಳೆಯಲೂ ಇಲ್ಲ. ಬಾಯಲ್ಲಿ ಒಂದೇ ಮಾತು.

“ಯೋಚನೆ ಮಾಡು. ಇದನ್ನ ಹೊರಗೆ ತೆಗೆದ್ರೆ ನೀನು ಬಚಾವ್. ಆಮೇಲೆ ಪೊಲೀಸರು ಬರೋದು ಯಾರ ಮನೆಗೆ?”

ಬಾಗಿಲಿನಲ್ಲಿ ಕೀಲಿ ಒಂದು ಸುತ್ತು ತಿರುಗಿತು. ಇನ್ನೊಂದು ಸುತ್ತು. ಅದೇ ಕ್ಷಣಕ್ಕೆ ಹದಿನೇಳನೆಯ ಗೂಡಿನ ಕಳ್ಳ ತಾತ, ಸರಿಯಾಗಿ ನಾಲ್ಕು ಗಂಟೆಗೆ, ಎರಡೂ ಗಂಟೆ ಸೇರಿಸಿ ಕೂಗಿದ.

ತೆರೆದ ಬಾಗಿಲಲ್ಲಿ ಕೀಲಿಮಾವ, ಅವನ ಹಿಂದೆ ಮೇಷ್ಟ್ರು, ಮೇಷ್ಟ್ರ ಹಿಂದೆ ಸಮಿತಿಯ ಮೂವರು. ಅವರ ಕಣ್ಣು ಮೊದಲು ಅವಳ ಮೇಲೆ ಬಿತ್ತು; ಆಮೇಲೆ, ಎರಡು ಕೈಗಳ ನಡುವೆ ಬಿಗಿದು ನಿಂತ ಚೀಲದ ಪಟ್ಟಿಯ ಮೇಲೆ.

ಮೇಷ್ಟ್ರು ಕೇಳಿದ: “ಸಿಕ್ತಾ, ಫೋನಕ್ಕ?”

ಹಿಂದೆ ಬಿದ್ದ ಫೋನುಗಳು ಒಂದೊಂದಾಗಿ ಬಡಿದುಕೊಳ್ಳತೊಡಗಿದವು. ಫೋನಕ್ಕ ಬಾಯಿ ತೆರೆದಳು.